ಮುಂದೆ ಬಿಚ್ಚುವವರಿಗೂ ಉಳಿಯಲಿ

ಹತ್ತು ಹದಿನೈದು ವರ್ಷ ದುಡಿದ ಯಾವುದಾದರೂ ಸ್ಪ್ಲೆಂಡರ್ ಬೈಕಿನ ಬಲಗಡೆಯ ಎಂಜಿನ್ ಕವರ್ ಬಿಚ್ಚಿಸಿ ನೋಡಿ. ಕ್ಲಚ್ಚಿನ ಪಕ್ಕದಲ್ಲೇ, ಕ್ರ್ಯಾಂಕಿನ ತುದಿಯಲ್ಲಿ, ಆಯಿಲ್ ಫಿಲ್ಟರ್ ರೋಟರ್ ಇರುತ್ತದೆ. ಅದರ ಮುಚ್ಚಳದ ಸ್ಕ್ರೂ ತೆಗೆದರೆ ಒಳಗೆ ಒಂದು ದುಂಡು ನಟ್. ಮಾಮೂಲಿ ನಟ್ಟಿಗೆ ಇರುವ ಆರು ಮೂಲೆ ಇದಕ್ಕಿಲ್ಲ, ಬದಲಿಗೆ ನಾಲ್ಕು ಕಚ್ಚುಗಳಿವೆ. ಕ್ಲಚ್ಚಿಗೆ ಶಕ್ತಿ ದಾಟಿಸುವ ಪ್ರೈಮರಿ ಗೇರು ಅದರ ಹಿಂದೆ ಕೂತಿದೆ. ಗೇರಿನ ಕೆಲಸ ಮಾಡಬೇಕೆಂದರೆ ಮೊದಲು ಈ ನಟ್ ಬರಬೇಕು. ರಿಂಗ್ ಪಾನಾ ಆಗಲಿ, ಬಾಕ್ಸ್ ಪಾನಾ ಆಗಲಿ ಇದರ ಮೇಲೆ ಕೂರುವುದಿಲ್ಲ. ನಾಲ್ಕು ಹಲ್ಲಿನ ಬೇರೆಯದೇ ಸಾಕೆಟ್ ಬೇಕು.

ಆ ಕಚ್ಚುಗಳ ಅಂಚಿಗೆ ಟಾರ್ಚ್ ಬಿಟ್ಟು ನೋಡಬೇಕು. ಕಂಪನಿಯಿಂದ ಬಂದ ದಿನದ ಹಾಗೆ ನೇರವಾಗಿ, ಚೂಪಾಗಿ ಉಳಿದಿದ್ದರೆ ಆ ಗಾಡಿ ಪುಣ್ಯ ಮಾಡಿದೆ ಎನ್ನಬೇಕು. ಎಷ್ಟೋ ಗಾಡಿಗಳಲ್ಲಿ ಒಂದೆರಡು ಕಚ್ಚು ಜಜ್ಜಿ ಹೋಗಿ, ಲೋಹ ಒಂದು ಪಕ್ಕಕ್ಕೆ ಹೊರಳಿಕೊಂಡಿರುತ್ತದೆ. ಯಾರೋ ಉಳಿ ಇಟ್ಟು, ಸುತ್ತಿಗೆಯಲ್ಲಿ ಹೊಡೆದು ಬಿಚ್ಚಿದ ಗುರುತು ಅದು. ಎದುರು ಪಕ್ಕವೂ ಜಜ್ಜಿದ್ದರೆ, ಬಿಗಿದದ್ದೂ ಹಾಗೆಯೇ ಎಂದು ಅರ್ಥ. ಅಂದು ಗಾಡಿ ಓಡಿತು, ಗಿರಾಕಿ ದುಡ್ಡು ಕೊಟ್ಟು ಹೋದ, ಕೆಲಸ ಮುಗಿಯಿತು. ಆದರೆ ಆ ನಟ್ಟಿನ ಪಾಲಿಗೆ ಕೆಲಸ ಮುಗಿದಿಲ್ಲ. ಎರಡನೆಯ ಬಾರಿ ಬಿಚ್ಚುವವನಿಗೆ ಕಚ್ಚು ಇನ್ನಷ್ಟು ಸವೆದಿರುತ್ತದೆ. ಆಗ ಸರಿಯಾದ ಸಾಕೆಟ್ ಇದ್ದರೂ ಹಿಡಿತ ಸಿಗುವುದಿಲ್ಲ, ಅವನೂ ಉಳಿಯನ್ನೇ ಎತ್ತಿಕೊಳ್ಳುತ್ತಾನೆ. ಒಬ್ಬರ ಅವಸರ ಮುಂದಿನವರಿಗೆ ದಾರಿಯೇ ಇಲ್ಲದಂತೆ ಮಾಡುತ್ತದೆ.

ದುರಸ್ತಿಯ ಬಗ್ಗೆ ನನಗಿದ್ದ ಕಲ್ಪನೆ ಬದಲಾದದ್ದು ಇಂಥ ನಟ್ಟುಗಳನ್ನು ನೋಡುತ್ತಾ. ಕೆಟ್ಟದ್ದನ್ನು ಓಡುವಂತೆ ಮಾಡುವುದೇ ರಿಪೇರಿ ಎಂದುಕೊಂಡಿದ್ದೆ. ಅದು ಅರ್ಧ ಮಾತ್ರ. ಇನ್ನೊಬ್ಬರು ಇದನ್ನು ಮತ್ತೆ ಬಿಚ್ಚಲು ಆಗುವಂತೆ ಉಳಿಸಿ ಮುಚ್ಚುವುದು ಉಳಿದರ್ಧ. ಮೊದಲರ್ಧಕ್ಕೆ ಚಾಲಾಕಿತನ ಸಾಕು. ಎರಡನೆಯದಕ್ಕೆ ಸರಿಯಾದ ಟೂಲ್ ಬೇಕು.

ಟೂಲ್‌ಗಳಲ್ಲಿ ಎರಡು ಬಗೆ. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರರ ಪಾನಾ, ಕಟಿಂಗ್ ಪ್ಲೇಯರ್, ಸ್ಕ್ರೂ ಡ್ರೈವರ್ ಇವೆಲ್ಲ ಎಲ್ಲ ಗಾಡಿಗೂ ಆಗುತ್ತವೆ. ನಾಶಿಕ್, ಜಲಂಧರ್, ಲೂಧಿಯಾನದ ಕಾರ್ಖಾನೆಗಳಿಂದ ಬಂದು ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲೂ ನೇತಾಡುತ್ತಿರುತ್ತವೆ. ಇನ್ನೊಂದು ಬಗೆಯವು ಒಂದೇ ಕಂಪನಿಯ ಒಂದೆರಡು ಮಾಡೆಲ್ಲಿಗೆ, ಅದರಲ್ಲೂ ಒಂದೇ ಕೆಲಸಕ್ಕೆ ಹುಟ್ಟಿದವು. ಕ್ಲಚ್ ಹಬ್ ಹಿಡಿಯುವ ಹೋಲ್ಡರ್, ಮ್ಯಾಗ್ನೆಟ್ ಪುಲ್ಲರ್, ಎಂಜಿನ್ ಸ್ಪ್ರಾಕೆಟ್ಟಿನ ಪುಲ್ಲರ್, ಚೈನ್ ರಿವೆಟ್ ಮಾಡುವ ಟೂಲ್ ಈ ಜಾತಿಗೆ ಸೇರಿದವು. ಗಾಡಿಯ ಶಕ್ತಿ ಕ್ರ್ಯಾಂಕಿನಿಂದ ಹೊರಟು ಪ್ರೈಮರಿ, ಕ್ಲಚ್, ಗೇರ್ ಬಾಕ್ಸ್ ದಾಟಿ, ಚೈನಿನ ಮೂಲಕ ಹಿಂದಿನ ಚಕ್ರ ಮುಟ್ಟುವ ದಾರಿಯುದ್ದಕ್ಕೂ ಇಂಥ ಟೂಲ್ ಕೇಳುವ ಜಾಗಗಳಿವೆ. ಅದಕ್ಕೆ ಕಾರಣವೂ ಇದೆ. ಈ ದಾರಿಯಲ್ಲಿರುವ ಎಲ್ಲವೂ ತಿರುಗುವ ಭಾಗಗಳು. ತಿರುಗುವುದನ್ನು ಸಡಿಲಾಗದಂತೆ ಕೂರಿಸಬೇಕಾದರೆ ಸುಲಭಕ್ಕೆ ಬಿಡದ ಹಾಗೆ ಕಚ್ಚಿಸಬೇಕು.

ಟೇಪರ್ ಅನ್ನುವ ಜೋಡಣೆಯನ್ನೇ ತೆಗೆದುಕೊಳ್ಳಿ. ಶಾಫ್ಟಿನ ತುದಿ ಸ್ವಲ್ಪ ಸ್ವಲ್ಪವೇ ಸಣ್ಣಗಾಗುತ್ತಾ ಹೋಗುತ್ತದೆ. ಅದರ ಮೇಲೆ ಕೂರುವ ಮ್ಯಾಗ್ನೆಟ್ಟಿನ ತೂತಿಗೂ ಅಷ್ಟೇ ಇಳಿಜಾರು. ನಡುವೆ ಅರ್ಧಚಂದ್ರದ ಒಂದು ಕೀ ಇರುತ್ತದೆ. ಅದರ ಕೆಲಸ ಭಾಗವನ್ನು ಸರಿಯಾದ ಕೋನದಲ್ಲಿ ನಿಲ್ಲಿಸುವುದಷ್ಟೆ. ಹಿಡಿತವೆಲ್ಲ ಎರಡು ಲೋಹಗಳ ಮೈ ಒಂದಕ್ಕೊಂದು ಒತ್ತಿಕೊಂಡದ್ದರಿಂದ ಬರುವಂಥದ್ದು. ಹಾಗಾಗಿ ನಟ್ ಬಿಚ್ಚಿದ ಮೇಲೂ ಅದು ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಪುಲ್ಲರಿನ ಹೊರಮೈಯ ಥ್ರೆಡ್ಡನ್ನು ಮ್ಯಾಗ್ನೆಟ್ಟಿನ ಒಳಗಿನ ಥ್ರೆಡ್ಡಿಗೆ ಪೂರ್ತಿ ಕೂರಿಸಬೇಕು. ಅರ್ಧ ಕೂರಿಸಿ ಎಳೆದರೆ ಥ್ರೆಡ್ ಕಿತ್ತುಬರುತ್ತದೆ. ಆಮೇಲೆ ನಡುವಿನ ಬೋಲ್ಟನ್ನು ಶಾಫ್ಟಿನ ತುದಿಗೆ ತಾಗಿಸಿ ಬಿಗಿಯುತ್ತಾ ಹೋಗಬೇಕು. ಇನ್ನು ಬಿಗಿದರೆ ಏನೋ ಮುರಿಯುತ್ತದೆ ಅನ್ನಿಸುವ ಹೊತ್ತಿಗೆ ಕೈ ನಿಲ್ಲಿಸಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದೇ ಒಂದು ಸಣ್ಣ ಏಟು. ಟಪ್ ಎಂದು ಬಿಟ್ಟುಕೊಳ್ಳುತ್ತದೆ. ಪುಲ್ಲರ್ ಇಲ್ಲದವರು ಆ ಏಟನ್ನು ಮ್ಯಾಗ್ನೆಟ್ಟಿಗೇ ಹಾಕುತ್ತಾರೆ, ಇಲ್ಲವೇ ಹಿಂದಿನಿಂದ ಟಾಮಿ ತೂರಿಸಿ ಮೀಟುತ್ತಾರೆ. ಬರುವುದೇನೋ ಬರುತ್ತದೆ. ಆದರೆ ಸಣ್ಣ ಬೈಕುಗಳ ಕ್ರ್ಯಾಂಕ್ ಒಂದೇ ತುಂಡಲ್ಲ, ಪ್ರೆಸ್ ಮಾಡಿ ಕೂಡಿಸಿದ್ದು. ಅಂಥ ಏಟಿಗೆ ಅದರ ನೇರ ತಪ್ಪಬಹುದು. ಆಮೇಲೆ ಬರುವ ಅದುರಿಗೆ ಗಿರಾಕಿ ರಸ್ತೆಯನ್ನು ಬೈಯುತ್ತಾನೆ.

ಇಂಥ ಟೂಲ್‌ಗಳಿಗಾಗಿ ನನ್ನ ಹುಡುಕಾಟ ಶುರುವಾದದ್ದು ಮನೆಯಲ್ಲಿದ್ದ ಹಳೆಯ ಯೆಜ್ಡಿ ಬೈಕಿನಿಂದ. ಅದರ ಊರು ಮೈಸೂರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಕಾರ್ಖಾನೆಯ ಉದ್ಘಾಟನೆ ಮಾಡಿದ್ದು. ಚೆಕ್ ದೇಶದ ವಿನ್ಯಾಸ, ಮೈಸೂರಿನ ಕೈ. 1973ರಿಂದ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಎಂಜಿನ್ನಿಗೆ ಅದರದೇ ವರಸೆಗಳಿವೆ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ಗೇರ್ ಒತ್ತುತ್ತಿದ್ದಂತೆ ಕ್ಲಚ್ ತಾನಾಗಿ ಬಿಡುವ ಏರ್ಪಾಡೂ ಉಂಟು. ಈ ಒಳಗುಟ್ಟು ಗೊತ್ತಿಲ್ಲದವರು ಕ್ಲಚ್ ಅಡ್ಜಸ್ಟ್ ಮಾಡಲು ಹೋದರೆ ಗಾಡಿ ಹಟ ಹಿಡಿದು ಕೂರುತ್ತದೆ.

ಪ್ರೈಮರಿ ಚೈನ್ ಸಡಿಲಾಗಿ ಸದ್ದು ಮಾಡುತ್ತಿತ್ತು. ಹೊರಗಿನ ಚೈನಿಗೆ ಇರುವಂತೆ ಪ್ರೈಮರಿ ಚೈನಿಗೆ ಲಾಕ್ ಇರುವುದಿಲ್ಲ, ಅದು ಕೊನೆಮೊದಲಿಲ್ಲದ ಚೈನು. ಬದಲಿಸಬೇಕೆಂದರೆ ಎಂಜಿನ್ ಸ್ಪ್ರಾಕೆಟ್ಟನ್ನೂ ಕ್ಲಚ್ ಡ್ರಮ್ಮನ್ನೂ ಒಟ್ಟಿಗೇ ಹೊರಕ್ಕೆ ತರಬೇಕು. ಒಂದು ಚೈನಿಗಾಗಿ ಎರಡು ಪುಲ್ಲರ್. ಚೈನು ಸುಲಭವಾಗಿ ಸಿಕ್ಕಿತು. ಕ್ಲಚ್ ಪ್ಲೇಟ್, ಸ್ಪ್ರಿಂಗ್, ಬೇರಿಂಗ್ ಎಲ್ಲವೂ ಸಿಕ್ಕವು. ಪುಲ್ಲರ್ ಸಿಗಲಿಲ್ಲ.

ಮೊದಮೊದಲು ಇದು ವಿಚಿತ್ರವಾಗಿ ಕಂಡಿತು. ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಬಿಡಿಭಾಗ ಸಿಗುವುದಾದರೆ, ಅದನ್ನು ಹಾಕಲು ಬೇಕಾದ ಟೂಲ್ ಏಕೆ ಸಿಗುವುದಿಲ್ಲ? ಲೆಕ್ಕ ಸರಳ. ಕ್ಲಚ್ ಪ್ಲೇಟ್ ಸವೆಯುತ್ತದೆ, ಪ್ರತಿ ಗಾಡಿಗೂ ಬೇಕು, ಮತ್ತೆ ಮತ್ತೆ ಬೇಕು. ಮಾಡಿ ಮಾರುವವರಿಗೆ ನಾಲ್ಕು ಕಾಸು ಗಿಟ್ಟುತ್ತದೆ. ಪುಲ್ಲರ್ ಹಾಗಲ್ಲ. ಒಂದು ಗ್ಯಾರೇಜಿಗೆ ಒಂದು ಸಾಕು, ಸರಿಯಾಗಿ ಬಳಸಿದರೆ ಮೆಕ್ಯಾನಿಕ್ಕಿನ ಕಾಲ ಮುಗಿದರೂ ಅದು ಸವೆಯುವುದಿಲ್ಲ. ಸವೆಯದ ಸರಕಿಗೆ ಮಾರುಕಟ್ಟೆ ಇಲ್ಲ. ಕಾರ್ಖಾನೆ ಇರುವಷ್ಟು ದಿನ ಅದು ತನ್ನ ಡೀಲರುಗಳಿಗೆಂದು ಟೂಲ್ ಮಾಡಿಕೊಡುತ್ತದೆ. ಕಾರ್ಖಾನೆ ಹೋದ ದಿನವೇ ಟೂಲಿನ ವಂಶ ನಿಲ್ಲುತ್ತದೆ. ಆಮೇಲೆ ಉಳಿಯುವುದು ಯಾರ ಯಾರದೋ ಡಬ್ಬಿಯಲ್ಲಿ ಬಿದ್ದಿರುವವು ಮಾತ್ರ.

ಬೆಂಗಳೂರಿನ ಜೆ.ಸಿ. ರಸ್ತೆ ವಾಹನದ ಬಿಡಿಭಾಗಗಳಿಗೆ ಹೆಸರಾದದ್ದು. ಮೈಸೂರಿನ ಕಾರ್ಖಾನೆ ಉದ್ಘಾಟಿಸಿದ ಅದೇ ಒಡೆಯರ ಹೆಸರಿನ ರಸ್ತೆ. ಅಲ್ಲಿ, ಕಲಾಸಿಪಾಳ್ಯದ ಸುತ್ತಮುತ್ತ, ಆಮೇಲೆ ಟೂಲಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಕೇಳುತ್ತಾ ಹೋದಾಗ ಒಂದು ಸಂಗತಿ ಗಮನಕ್ಕೆ ಬಂತು. ಪುಲ್ಲರ್ ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ, ಒಂದಲ್ಲ ಒಂದನ್ನು ತೆಗೆದು ಮುಂದಿಡುತ್ತಾರೆ. ನೋಡಲು ಎಲ್ಲವೂ ಒಂದೇ. ಕೂರಿಸಿ ನೋಡಿದರೆ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾಗುತ್ತದೆ. ಅಳತೆ ಒಂದೇ ಇದ್ದರೂ ಥ್ರೆಡ್ಡಿನ ಪಿಚ್ ಬೇರೆ. ಒಂದು ಮಿಲಿಮೀಟರ್ ಪಿಚ್ಚಿಗೂ ಒಂದೂವರೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ, ಲೋಹಕ್ಕೆ ಗೊತ್ತಾಗುವ ವ್ಯತ್ಯಾಸ ಬಹಳ. ಆ ಬಿಗಿಯನ್ನು ಲೆಕ್ಕಿಸದೆ ಪಾನಾ ಹಾಕಿ ತಿರುಗಿಸಿದರೆ ಟೂಲೂ ಹೋಯಿತು, ಹಬ್ಬೂ ಹೋಯಿತು. ಹಾಗಾಗಿ ಇಂಥ ಟೂಲ್ ಹುಡುಕುವವರ ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಮತ್ತು ಥ್ರೆಡ್ ಗೇಜ್ ಇರಲೇಬೇಕು. ಗಾಡಿಯ ಹೆಸರು ಹೇಳಿ ಕೇಳುವುದಕ್ಕಿಂತ ಹೊರವ್ಯಾಸ ಮತ್ತು ಪಿಚ್ ಹೇಳಿ ಕೇಳುವುದು ಮೇಲು. ಎಷ್ಟೋ ಬಾರಿ ಬೇರೆ ಗಾಡಿಯ ಪುಲ್ಲರೇ ನಮ್ಮ ಗಾಡಿಗೆ ಸರಿಹೋಗುತ್ತದೆ. ಅದನ್ನು ಮಾಡುವ ಕಂಪನಿಗೂ ಅದು ಗೊತ್ತಿರಲಾರದು.

ಚೈನಿನ ವಿಷಯದಲ್ಲೂ ಅಷ್ಟೇ. 428 ಎಂದು ಬರೆದಿದ್ದರೆ ಮೊದಲ ಅಂಕೆ ಪಿಚ್ಚನ್ನು ಹೇಳುತ್ತದೆ: ಇಂಚಿನ ಎಂಟನೇ ನಾಲ್ಕು ಭಾಗ, ಅಂದರೆ ಅರ್ಧ ಇಂಚು, 12.7 ಮಿ.ಮೀ. 520 ಎಂದರೆ ಎಂಟನೇ ಐದು ಭಾಗ, 15.875 ಮಿ.ಮೀ. ಮ್ಯಾಂಚೆಸ್ಟರ್‌ನಲ್ಲಿ ಹ್ಯಾನ್ಸ್ ರೆನಾಲ್ಡ್ ಇಂದಿನ ರೋಲರ್ ಚೈನಿಗೆ ಪೇಟೆಂಟ್ ಪಡೆದದ್ದು 1880ರಲ್ಲಿ. ನಾವು ಮೆಟ್ರಿಕ್ಕಿಗೆ ಬಂದು ಎಷ್ಟು ಕಾಲವಾದರೂ ಚೈನು ಮಾತ್ರ ಅಂದಿನ ಇಂಚಿನಲ್ಲೇ ನಡೆದಿದೆ. ಸಣ್ಣ ಬೈಕಿನ 428 ಚೈನಿಗೆ ಕ್ಲಿಪ್ ಲಾಕ್ ಇರುತ್ತದೆ. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು ಎನ್ನುವುದೊಂದು ನೆನಪಿದ್ದರೆ ಪ್ಲೇಯರಿನಲ್ಲೇ ಕೆಲಸ ಆಗುತ್ತದೆ. ದೊಡ್ಡ ಬೈಕಿನ ಸೀಲ್ ಇರುವ ಚೈನು ರಿವೆಟ್ ಆಗಿರುತ್ತದೆ. ಅದನ್ನು ಚೈನ್ ಕಟರಿನಿಂದ ಹೊರದಬ್ಬುವ ಮುನ್ನ ಪಿನ್ನಿನ ತಲೆಯನ್ನು ಗ್ರೈಂಡರಿನಲ್ಲಿ ಉಜ್ಜಿ ತೆಗೆಯಬೇಕು. ಹಾಗೆ ಮಾಡದಿದ್ದರೆ ಅಗ್ಗದ ಕಟರಿನ ಮೊಳೆಯೇ ಬಾಗಿ ಕೂರುತ್ತದೆ. ಹೊಸ ಲಿಂಕಿನ ತಲೆಯನ್ನು ಸುತ್ತಿಗೆಯಿಂದ ಬಡಿದು ಅಗಲಿಸುವವರಿದ್ದಾರೆ. ತಲೆ ಅಗಲವಾಗುತ್ತದೆ ನಿಜ. ಆದರೆ ಸೀಲು ಎಷ್ಟು ಒತ್ತಿತು, ಆ ಲಿಂಕು ಸಲೀಸಾಗಿ ಮಡಚುತ್ತದೆಯೇ ಎಂಬುದು ಬಡಿಯುವ ಕೈಗೆ ತಿಳಿಯುವುದಿಲ್ಲ. ವೇಗದಲ್ಲಿ ಚೈನು ಕಳಚಿದರೆ ಅದು ಹಿಂದಿನ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು, ಎಂಜಿನ್ ಕೇಸನ್ನೇ ಒಡೆಯಬಹುದು. ಇಲ್ಲಿ ಟೂಲ್ ಇಲ್ಲದಿರುವುದು ನಷ್ಟದ ಮಾತಾಗಿ ಉಳಿಯುವುದಿಲ್ಲ, ಜೀವದ ಮಾತಾಗುತ್ತದೆ.

ಯೆಜ್ಡಿಯ ಪುಲ್ಲರ್ ಕೊನೆಗೆ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಮೈಸೂರಿನ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ. ಎಣ್ಣೆ ಹಚ್ಚಿ, ಹಳೆಯ ಲುಂಗಿಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ಒಂದು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದೆ. "ಕೊಡಕ್ಕೇನಿಲ್ಲ ಸಾರ್. ಆದ್ರೆ ಈಗಿನ ಹುಡುಗ್ರು ಇಂಪ್ಯಾಕ್ಟ್ ಗನ್ ಹಾಕ್‌ಬಿಡ್ತಾರೆ. ಥ್ರೆಡ್ ಹೋದ್ರೆ ನಾನು ಎಲ್ಲಿಂದ ತರ್‍ಲಿ? ಗಾಡೀನೇ ಇಲ್ಲಿಗೆ ತನ್ನಿ" ಎಂದರು. ಅವರ ಮಾತಿನಲ್ಲಿ ಜಿಪುಣತನ ಕಾಣಲಿಲ್ಲ. ಪುಲ್ಲರ್ ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಿಸಿ ಏಟು ಕೊಡಬೇಕು ಎನ್ನುವುದು ಆ ಕಬ್ಬಿಣದಲ್ಲಿಲ್ಲ. ಅದು ಅವರ ಮಣಿಕಟ್ಟಿನಲ್ಲಿದೆ. ಟೂಲನ್ನು ಮಾತ್ರ ಕೊಟ್ಟು ಕಳಿಸಿದರೆ ಅರ್ಧ ವಿದ್ಯೆಯನ್ನು ಕೊಟ್ಟು ಕಳಿಸಿದಂತೆ ಎಂಬುದು ಅವರಿಗೆ ಗೊತ್ತಿತ್ತು. ಗಾಡಿ ಅಲ್ಲಿಗೇ ಹೋಯಿತು. ಕೆಲಸ ಮುಗಿದ ಮೇಲೆ ನಾನು ಕೇಳಿದ್ದು ಒಂದೇ, ಪುಲ್ಲರಿನ ಅಳತೆ ತೆಗೆದುಕೊಳ್ಳಲು ಅನುಮತಿ. ಅವರು ನಕ್ಕು, ತಾವೇ ವರ್ನಿಯರ್ ಹಿಡಿದರು.

ಆ ಅಳತೆ ಒಂದು ಹಾಳೆಯ ಮೇಲೆ ಬಂದ ಮೇಲೆ ಉಳಿದದ್ದು ಏನೂ ಕಷ್ಟವಾಗಲಿಲ್ಲ. ಲೇತ್ ಅಂಗಡಿಯವರಿಗೆ ಚಿತ್ರ ಕೊಟ್ಟರೆ ಸಾಕು. ಮೈ ಇ.ಎನ್. 8 ಉಕ್ಕಿನಲ್ಲಿ ಸಾಕೇ, ಇ.ಎನ್. 24 ಬೇಕೇ ಎಂದು ಅವರೇ ಕೇಳುತ್ತಾರೆ. ನಡುವಿನ ಬೋಲ್ಟಿಗೆ ಹೈ ಟೆನ್ಸೈಲ್ ಹಾಕಿ ಎಂದು ಅವರೇ ಹೇಳುತ್ತಾರೆ. ನಮ್ಮ ನಾಡಿಗೆ ಲೋಹದ ಕೆಲಸ ಹೊಸದೇನಲ್ಲ. ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಡೆನ್ಮಾರ್ಕಿನ ನೆರವಿನೊಂದಿಗೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ ಬೆಂಗಳೂರಿನಲ್ಲಿ ಶುರುವಾದದ್ದು 1972ರಲ್ಲಿ. ಪೀಣ್ಯದ ಶೆಡ್ಡುಗಳಲ್ಲಿ ಮೈಕ್ರಾನ್ ಲೆಕ್ಕದ ಕೆಲಸ ಮಾಡುವ ಕೈಗಳಿವೆ. ಇಂಥ ಊರಿನಲ್ಲಿ ಒಂದು ಪುಲ್ಲರ್ ಮಾಡಲಾಗದೆ ಬೈಕು ಮೂಲೆಗುಂಪಾಗುತ್ತದೆ ಎಂದರೆ ಕೊರತೆ ಕಬ್ಬಿಣದ್ದಲ್ಲ, ಕೌಶಲದ್ದೂ ಅಲ್ಲ. ವ್ಯಾಸ ಎಷ್ಟು, ಪಿಚ್ ಎಷ್ಟು, ಉದ್ದ ಎಷ್ಟು ಎಂಬ ಮೂರು ಸಂಖ್ಯೆಗಳನ್ನು ಯಾರೂ ಬರೆದಿಡಲಿಲ್ಲ. ಬೈಕು ಮಾಯವಾಗುವ ಮೊದಲು ಅದನ್ನು ಬಿಚ್ಚುವ ಮಾಹಿತಿ ಮಾಯವಾಗಿರುತ್ತದೆ.

ಇದನ್ನೆಲ್ಲ ಕೇಳಿದವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ನಮ್ಮ ಮೆಕ್ಯಾನಿಕ್‌ಗಳು ಜುಗಾಡ್ ಮಾಡಿಯೇ ದೇಶ ಓಡಿಸುತ್ತಿಲ್ಲವೇ, ಕಂಪನಿ ಟೂಲ್ ಯಾಕೆ? ಮಾತಿನಲ್ಲಿ ಹುರುಳಿದೆ. ಆದರೆ ಜುಗಾಡಿನಲ್ಲಿ ಎರಡು ಜಾತಿಯಿದೆ. ಸ್ಪ್ಲೆಂಡರಿನ ಆ ನಾಲ್ಕು ಕಚ್ಚಿನ ನಟ್ಟಿಗೆ ಹಳೆಯ ಸಾಕೆಟ್ಟೊಂದರ ಬಾಯಿಯನ್ನು ಗ್ರೈಂಡರಿನಲ್ಲಿ ಕೊರೆದು ನಾಲ್ಕು ಹಲ್ಲು ಮೂಡಿಸಿಕೊಳ್ಳುವ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ. ಗೇರುಗಳು ತಿರುಗದಂತೆ ಹಿಡಿಯಲು ಹಲ್ಲುಗಳ ನಡುವೆ ತಾಮ್ರದ ತುಂಡು ಇಡುತ್ತಾರೆ. ಮೆತ್ತನೆಯ ತಾಮ್ರ ತಾನು ಜಜ್ಜಿಹೋಗುತ್ತದೆ, ಗೇರಿನ ಹಲ್ಲನ್ನು ಕಾಯುತ್ತದೆ. ಸವೆದ ಕ್ಲಚ್ ಪ್ಲೇಟಿಗೆ ಕಬ್ಬಿಣದ ಪಟ್ಟಿ ಬೆಸೆದು ಹೋಲ್ಡರ್ ಮಾಡಿಕೊಳ್ಳುತ್ತಾರೆ. ಇವೆಲ್ಲ ಟೂಲನ್ನೇ ಹುಟ್ಟಿಸುವ ಜುಗಾಡ್. ಕಂಪನಿಯ ಎಂಜಿನಿಯರ್ ಯೋಚಿಸಿದ ದಾರಿಯಲ್ಲೇ ಇವರೂ ಯೋಚಿಸಿ, ಕಡಿಮೆ ಖರ್ಚಿನಲ್ಲಿ ಅಲ್ಲಿಗೇ ತಲುಪಿದ್ದಾರೆ. ಇನ್ನೊಂದು ಟೂಲನ್ನು ತಪ್ಪಿಸಿಕೊಳ್ಳುವ ಜುಗಾಡ್, ಉಳಿ ಸುತ್ತಿಗೆಯದು. ಮೊದಲನೆಯದು ಭಾಗವನ್ನು ಕಾಯುತ್ತದೆ. ಎರಡನೆಯದು ಸಮಯವನ್ನಷ್ಟೇ ಕಾಯುತ್ತದೆ, ಅದೂ ಇವತ್ತಿನ ಸಮಯವನ್ನು. ನಾವು ಎರಡನ್ನೂ ಒಂದೇ ಹೆಸರಿನಲ್ಲಿ ಹೊಗಳುತ್ತೇವೆ, ಮೊದಲನೆಯವರಿಗೆ ಅನ್ಯಾಯ ಮಾಡುತ್ತೇವೆ.

ಉಳಿ ಎತ್ತಿಕೊಳ್ಳುವ ಮೆಕ್ಯಾನಿಕ್‌ನನ್ನು ಬೈಯುವುದು ಸುಲಭ. ಅವನ ಲೆಕ್ಕವನ್ನೂ ನೋಡಬೇಕು. ಒಂದು ಗ್ಯಾರೇಜಿಗೆ ಹತ್ತು ಕಂಪನಿಗಳ ನಲವತ್ತು ಮಾಡೆಲ್ ಬರುತ್ತವೆ. ಬುಲೆಟ್ಟಿಗೊಂದು ಪುಲ್ಲರ್, ಪಲ್ಸರಿಗೊಂದು, ಸ್ಕೂಟರಿಗೊಂದು. ವರ್ಷಕ್ಕೆ ಒಂದೆರಡು ಸಲ ಕೈಗೆ ಬರುವ ಟೂಲಿಗೆ ದುಡ್ಡು ಹಾಕು ಎಂದರೆ ಅವನು ಎಲ್ಲಿಂದ ತರಬೇಕು? ಬಿಲ್ಲಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಬಿಡಿಭಾಗಕ್ಕೆ ಎಂ.ಆರ್.ಪಿ. ಇದೆ, ನಾವು ತುಟಿಪಿಟಕ್ ಎನ್ನದೆ ಕೊಡುತ್ತೇವೆ. ಕೂಲಿಯ ಸಾಲು ಬಂದಾಗ ಚೌಕಾಸಿ ಶುರು: "ಅರ್ಧ ಗಂಟೆ ಕೆಲಸಕ್ಕೆ ಇಷ್ಟಾ?" ಸರಿಯಾದ ಟೂಲ್ ಇದ್ದದ್ದರಿಂದಲೇ ಅದು ಅರ್ಧ ಗಂಟೆಯಲ್ಲಿ ಮುಗಿಯಿತು ಎಂಬುದು ನಮಗೆ ಹೊಳೆಯುವುದಿಲ್ಲ. ಟೂಲ್ ಇಲ್ಲದೆ ಮಧ್ಯಾಹ್ನವೆಲ್ಲ ಬಡಿದು ಬೆವರಿದವನಿಗೆ ಅಯ್ಯೋ ಪಾಪ ಎಂದು ಐವತ್ತು ರೂಪಾಯಿ ಹೆಚ್ಚು ಕೊಡುತ್ತೇವೆ. ಹೀಗೆ ಬೆವರಿಗೆ ಬೆಲೆ ಕಟ್ಟಿ, ಟೂಲಿಗೆ ಕಟ್ಟದೆ ಹೋದರೆ, ಗ್ಯಾರೇಜುಗಳು ಟೂಲ್ ಕೊಳ್ಳುವುದಾದರೂ ಏಕೆ? ಆಯುಧಪೂಜೆಯ ದಿನ ಪಾನಾಗಳಿಗೆ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡೆದು ಕೈಮುಗಿಯುತ್ತೇವೆ. ಉಳಿದ ದಿನಗಳಲ್ಲಿ ಅವಕ್ಕೆ ಬೆಲೆ ಕೊಡಲು ಹಿಂದೆಗೆಯುತ್ತೇವೆ.

ತಯಾರಕರ ಪಾಲೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಅದು ಹೆಸರಿಸಿದ ನಾಲ್ಕು ವಲಯಗಳಲ್ಲಿ ವಾಹನವೂ ಒಂದು. ಬಿಡಿಭಾಗದ ಬೆಲೆ, ಕೈಪಿಡಿ, ವಾರಂಟಿಯ ವಿವರ ಜನರಿಗೆ ಸಿಗಬೇಕು ಎನ್ನುವುದು ಒಳ್ಳೆಯ ಹೆಜ್ಜೆ. ಆ ಪಟ್ಟಿಗೆ ಟೂಲಿನ ಅಳತೆಯೂ ಸೇರಬೇಕು. ಒಂದು ಮಾಡೆಲ್ ನಿಲ್ಲಿಸುವಾಗ ಅದರ ವಿಶೇಷ ಟೂಲ್‌ಗಳ ಚಿತ್ರಗಳನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟರೆ ಕಂಪನಿಗೆ ನಷ್ಟವೇನೂ ಇಲ್ಲ. ಪುಲ್ಲರಿನ ಅಳತೆ ವ್ಯಾಪಾರದ ಗುಟ್ಟಲ್ಲ. ಲೇತಿನ ಮುಂದೆ ನಿಂತಿರುವ ಯಾರೋ ಒಬ್ಬರಿಗೆ ಮಾತ್ರ ಅದು ಬಂಗಾರ.

ಅಲ್ಲಿಯವರೆಗೆ ನಮ್ಮ ಕೈಯಲ್ಲಾಗುವುದನ್ನು ನಾವು ಮಾಡಬಹುದು. ನಿಮ್ಮ ಬಳಿ ಹಳೆಯ ಗಾಡಿಯ ಟೂಲ್ ಇದ್ದರೆ, ಕೊಡಲು ಮನಸ್ಸಿಲ್ಲದಿದ್ದರೂ ಪರವಾಗಿಲ್ಲ, ಅದರ ಅಳತೆ ಬರೆದು ನಾಲ್ಕು ಜನಕ್ಕೆ ಹಂಚಿ. ಒಂದೇ ಮಾಡೆಲ್ ಓಡಿಸುವ ಗೆಳೆಯರು ಸೇರಿ ಒಂದು ಪುಲ್ಲರ್ ಮಾಡಿಸಿ, ನಂಬಿಕೆಯ ಒಂದು ಗ್ಯಾರೇಜಿನಲ್ಲಿ ಇಡಿ. ಕ್ಲಚ್ ಅಥವಾ ಚೈನ್ ಕೆಲಸಕ್ಕೆ ಗಾಡಿ ಬಿಡುವ ಮುನ್ನ ಮೆಕ್ಯಾನಿಕ್ ಅವರನ್ನು ಮರ್ಯಾದೆಯಿಂದ ಒಂದು ಮಾತು ಕೇಳಿ: ಇದಕ್ಕೆ ಬೇಕಾದ ಟೂಲ್ ನಿಮ್ಮ ಹತ್ತಿರ ಇದೆಯಾ? ಇದೆ ಎಂದರೆ ಕೂಲಿಯಲ್ಲಿ ಚೌಕಾಸಿ ಬೇಡ. ಇಲ್ಲ ಎಂದರೆ ಕೊಡಿಸಿ, ಇಲ್ಲವೇ ಇರುವವರ ಹತ್ತಿರ ಹೋಗಿ. ಎರಡೂ ಆಗದಿದ್ದರೆ ಗಾಡಿ ಇನ್ನೊಂದು ವಾರ ಹಾಗೇ ನಿಲ್ಲಲಿ, ಉಳಿ ಹಾಕಲು ಮಾತ್ರ ಬಿಡಬೇಡಿ.